ಅಂಗನವಾಡಿಯ ಪೂರ್ವೋತ್ತರ

ಶಿಶುವು ಗರ್ಭದಲ್ಲಿ ನೆಲೆಗೊಂಡ ದಿನ ಮೊದಲಾಗಿ ಅದಕ್ಕೆ ಆರು ವರ್ಷ ತುಂಬುವವರೆಗಿನ ಪೋಷಣಭಾರವು ಕನ್ನಡನಾಡಿನಲ್ಲಿ ಬಹುಕಾಲ ಮನೆಯವರ ಮೇಲೆಯೇ ಇದ್ದಿತು. ಆದರೆ ಮನೆಯವರೆಂದರೆ ತಂದೆತಾಯಿಗಳಿಬ್ಬರೇ ಎಂದು ತಿಳಿಯಲಾಗದು. ಹೆರಿಗೆಯ ಹೊತ್ತಿಗೆ ಸೂಲಗಿತ್ತಿಯು ಬರುವಳು. ಎಣ್ಣೆನೀರು ಎರೆಯುವುದಕ್ಕೂ ಬಜೆ ತೇಯ್ದು ನೆಕ್ಕಿಸುವುದಕ್ಕೂ ಅಜ್ಜಿಯು ಇರುವಳು. ಬಾಣಂತಿಯ ಪಥ್ಯಕ್ಕೆ ತವರಿನವರು ತುಪ್ಪ ಕೊಬ್ಬರಿಗಳನ್ನು ಒದಗಿಸುವರು. ತಾಯಿಯು ಹೊಲಕ್ಕೆ ಹೋದರೆ ನೆರೆಮನೆಯ ಮುದುಕಿಯ ಮಗ್ಗುಲಲ್ಲಿ ಕೂಸು ಮಲಗುವುದು. ಇವೆಲ್ಲವೂ ಊರು ಮನೆಗೆ ಮಾಡುತ್ತಿದ್ದ ಸಹಾಯವೇ ಸರಿ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ತಮ್ಮ ಜೀವಮಾನದಲ್ಲಿ 15 ಸಾವಿರಕ್ಕೂ ಮಿಕ್ಕ ಹೆರಿಗೆಗಳನ್ನು ಪ್ರತಿಫಲಾಪೇಕ್ಷೆಯಿಲ್ಲದೆ ಮಾಡಿಸಿದರೆಂಬುದು ಪ್ರಸಿದ್ಧವಾಗಿದೆ. 2018ನೆಯ ಇಸವಿಯಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯು ಸಂದಿತು. ಆ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು.

ಈ ಹಳೆಯ ಏರ್ಪಾಡಿಗೆ ಒಂದು ದೊಡ್ಡ ಕೊರತೆಯಿದ್ದಿತು. ಅದು ಇದ್ದವರಿಗೆ ಒದಗುವಷ್ಟು ಇಲ್ಲದವರಿಗೆ ಒದಗುತ್ತಿರಲಿಲ್ಲ. ಹೆತ್ತ ಕೆಲದಿನಗಳಲ್ಲಿಯೇ ಕೂಲಿಗೆ ಹೋಗಬೇಕಾದ ತಾಯಿಗೆ ಪಥ್ಯವೆಲ್ಲಿಯದು? ಅವಳ ಕೂಸನ್ನು ಎತ್ತಿಕೊಳ್ಳುವುದಕ್ಕೆಂದು ಏಳೆಂಟು ವರ್ಷದ ಹಿರಿಯ ಮಗಳು ಶಾಲೆಯನ್ನು ಬಿಡುವಳು. ಹೀಗೆ ಒಂದು ಮಗುವಿನ ಹಸಿವು ಇನ್ನೊಂದು ಮಗುವಿನ ವಿದ್ಯೆಯನ್ನೂ ತಿನ್ನುತ್ತಿದ್ದಿತು. ನಾಡಿನ ಮಠಗಳು ಉಚಿತ ಪ್ರಸಾದನಿಲಯಗಳನ್ನು ತೆರೆದು ಬಡ ವಿದ್ಯಾರ್ಥಿಗಳಿಗೆ ಅನ್ನವಿದ್ಯೆಗಳನ್ನು ದಾನಮಾಡಿದ ಸಂಗತಿಯು ಭಕ್ತಮಹಾಶಯರೆಲ್ಲರಿಗೂ ವಿದಿತವೇ ಆಗಿದೆ. ಆದರೆ ಮಠದ ಬಾಗಿಲು ಅಕ್ಷರ ಕಲಿಯುವ ವಯಸ್ಸಿನವರಿಗೆ ತೆರೆಯಿತು. ತೊಟ್ಟಿಲಿಗೂ ಬಳಪಕ್ಕೂ ನಡುವಣ ವರುಷಗಳು ಸಾರ್ವಜನಿಕ ದೃಷ್ಟಿಗೆ ಬಿದ್ದುದು ತೀರ ಈಚೆಗೆ. ಆ ವರುಷಗಳನ್ನು ಸರ್ಕಾರವೂ ಊರೂ ಕೂಡಿ ಹೊತ್ತುಕೊಂಡ ಬಗೆಯೇ ಅಂಗನವಾಡಿಯ ಚರಿತ್ರೆ.

ಇದರ ಮೂಲವನ್ನು ಅರಸಿ ಹೋದರೆ ಗುಜರಾತಿನ ಭಾವನಗರಕ್ಕೆ ತಲುಪಬೇಕಾಗುವುದು. ಅಲ್ಲಿಯ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಗಿಜುಭಾಯಿ ಬಧೇಕಾ ಎಂಬ ಮಹನೀಯರು ವಕೀಲಿಯನ್ನು ಬಿಟ್ಟುಬಂದು 1920ನೆಯ ಇಸವಿಯಲ್ಲಿ ಬಾಲಮಂದಿರವೊಂದನ್ನು ತೆರೆದರು. ಇಟಲಿ ದೇಶದ ಮಾಂಟೆಸ್ಸರಿಯವರ ಪದ್ಧತಿಯು ಅವರಿಗೆ ಆದರ್ಶವಾಗಿದ್ದಿತು. ಅವರೊಡನೆ ಸೇರಿದ ತಾರಾಬಾಯಿ ಮೋಡಕರು ಆ ಪದ್ಧತಿಯನ್ನು ಈ ದೇಶದ ಬಡತನಕ್ಕೆ ಒಗ್ಗಿಸುವ ಚಿಂತೆಯಲ್ಲಿಯೇ ಆಯುಷ್ಯವನ್ನು ಸವೆಸಿದರು. 1926ರಲ್ಲಿ ನೂತನ ಬಾಲಶಿಕ್ಷಣ ಸಂಘವು ಸ್ಥಾಪಿತವಾಯಿತು. ಆದರೆ ಪಟ್ಟಣದ ಬಾಲಮಂದಿರಗಳಿಗೆ ಬರುತ್ತಿದ್ದವರು ಅನುಕೂಲಸ್ಥರ ಮಕ್ಕಳೇ. ಇದನ್ನು ಕಂಡು ತಾರಾಬಾಯಿಯವರು 1945ರಲ್ಲಿ ಅಂದಿನ ಠಾಣಾ ಜಿಲ್ಲೆಯ ಕಡಲ ತೀರದ ಬೋರ್ಡಿ ಎಂಬ ಹಳ್ಳಿಯಲ್ಲಿ ನೆಲೆನಿಂತರು. ಬಾಲ್ಯದಲ್ಲಿಯೇ ವೈಧವ್ಯಕ್ಕೆ ಗುರಿಯಾಗಿ, ಓದನ್ನು ಸ್ವಪ್ರಯತ್ನದಿಂದ ಮುಂದುವರಿಸಿದ್ದ ಅನುತಾಯಿ ವಾಘರು ಅಲ್ಲಿ ಅವರ ಸಹಚಾರಿಣಿಯಾದರು.

ಬೋರ್ಡಿಯಲ್ಲಿಯೂ ಮೊದಲು ಹಳೆಯ ಕಥೆಯೇ ನಡೆಯಿತು. ಬಾಲವಾಡಿಯನ್ನು ತೆರೆದರೆ ಮೇಲುಜಾತಿಯವರ ಮಕ್ಕಳು ಬಂದರು. ಹರಿಜನರ ಕೇರಿಯಿಂದ ಯಾರೂ ಬರಲಿಲ್ಲ. ಕರೆದರೂ ಬರಲಿಲ್ಲ. ಬರದಿರುವುದಕ್ಕೆ ಅವರಿಗೆ ತಲೆತಲಾಂತರದ ಕಾರಣಗಳಿದ್ದುವು. ಆಗ ಈ ಇಬ್ಬರು ಸ್ತ್ರೀಯರು ಮಕ್ಕಳು ಬಾರದಿದ್ದರೆ ಶಾಲೆಯೇ ಅವರಲ್ಲಿಗೆ ಹೋಗತಕ್ಕದ್ದೆಂದು ನಿಶ್ಚಯಿಸಿ, ಕೇರಿಯ ಮನೆಗಳ ಮುಂದಣ ಅಂಗಳದಲ್ಲಿಯೇ ಮಕ್ಕಳನ್ನು ಕೂಡಿಸತೊಡಗಿದರು. ಸ್ನಾನ ಮಾಡಿಸುವುದು, ಉಗುರು ಕತ್ತರಿಸುವುದು, ತಲೆ ಬಾಚುವುದು ಇವು ಪಾಠದ ಮೊದಲ ಭಾಗ. ಹಾಡು, ಆಟ, ಕಥೆಗಳು ಆಮೇಲೆ. ಬೆಲೆಯುಳ್ಳ ವಿಲಾಯತಿ ಸಾಮಗ್ರಿಗಳ ಸ್ಥಾನದಲ್ಲಿ ಬೆಣಚುಕಲ್ಲು, ಎಲೆ, ಬೀಜ, ಕಡಲ ಚಿಪ್ಪುಗಳು ಬಂದುವು. ತಾಯಂದಿರು ಕೆಲಸ ಮಾಡುತ್ತಲೇ ಇವನ್ನೆಲ್ಲ ನೋಡುತ್ತಿದ್ದರು. ಶಾಲೆಯು ತಾಯಿಯ ಕಣ್ಣೆದುರಿಗೇ ನಡೆದಾಗ ಅವಳೂ ಅರ್ಧ ಶಿಷ್ಯಳು, ಅರ್ಧ ಗುರುವು ಆಗುವಳೆಂಬ ತತ್ತ್ವವು ಅಲ್ಲಿ ಅನುಭವಕ್ಕೆ ಬಂದಿತು. 1957ರಲ್ಲಿ ಈ ಕೇಂದ್ರವು ವಾರಲಿ ಗಿರಿಜನರು ವಾಸಿಸುವ ಕೋಸಬಾಡ ಗುಡ್ಡಕ್ಕೆ ಹೋಯಿತು.

ಅಂಗಳದಲ್ಲಿ ನಡೆದುದರಿಂದ ಅದಕ್ಕೆ ಅಂಗನವಾಡಿಯೆಂದು ಹೆಸರಾಯಿತು. ಸಂಸ್ಕೃತದಲ್ಲಿ ಅಂಗನ, ಅಂಗಣ ಎಂಬ ಎರಡು ರೂಪಗಳೂ ಸಾಧುವಾದುವೇ ಆದುದರಿಂದ ನಕಾರವನ್ನು ತಪ್ಪೆನ್ನುವಂತಿಲ್ಲ. ಅಂಗನೆಯರ ವಾಡಿ, ಅರ್ಥಾತ್ ಸ್ತ್ರೀಯರು ನಡೆಸುವ ಸ್ಥಾನ, ಎಂದು ಕೆಲವರು ಅರ್ಥ ಹೇಳುವರು. ವ್ಯುತ್ಪತ್ತಿಯ ದೃಷ್ಟಿಯಿಂದ ಅದು ಸಲ್ಲದು. ವಸ್ತುಸ್ಥಿತಿಗೆ ಮಾತ್ರ ಚೆನ್ನಾಗಿ ಹೊಂದುವುದು.

ಸ್ವಾತಂತ್ರ್ಯಾನಂತರ 1953ರಲ್ಲಿ ದುರ್ಗಾಬಾಯಿ ದೇಶಮುಖರ ಅಧ್ಯಕ್ಷತೆಯಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿಯು ಏರ್ಪಟ್ಟು, ಸ್ವಯಂಸೇವಾ ಸಂಸ್ಥೆಗಳ ಬಾಲವಾಡಿಗಳಿಗೆ ಸಹಾಯಧನವು ದೊರೆಯತೊಡಗಿತು. ಆದರೂ ಒಂದೆಡೆ ಹಾಲಿನಪುಡಿ, ಇನ್ನೊಂದೆಡೆ ಚುಚ್ಚುಮದ್ದು, ಮತ್ತೊಂದೆಡೆ ಶಿಶುಗೀತೆ ಎಂಬಂತೆ ಕಾರ್ಯಗಳು ಚೆದುರಿಹೋಗಿದ್ದುವು. ಶಾಲಾಪೂರ್ವ ವಯಸ್ಸಿನ ಮಕ್ಕಳ ವಿಷಯವಾಗಿ ಮೀನಾ ಸ್ವಾಮಿನಾಥನ್ ಅವರ ನೇತೃತ್ವದ ಅಧ್ಯಯನ ಮಂಡಳಿಯು 1972ರಲ್ಲಿ ವರದಿಯನ್ನೊಪ್ಪಿಸಿತು. 1974ರಲ್ಲಿ ರಾಷ್ಟ್ರೀಯ ಮಕ್ಕಳ ನೀತಿಯು ಅಂಗೀಕೃತವಾಯಿತು. ಇವುಗಳ ಫಲವಾಗಿ 1975ನೆಯ ಇಸವಿಯ ಅಕ್ಟೋಬರ್ 2ನೆಯ ತಾರೀಖು, ಗಾಂಧೀಜಯಂತಿಯ ದಿನ, ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಸ್ಥಳಗಳಲ್ಲಿ ಆರಂಭವಾಯಿತು. ಕರ್ನಾಟಕದ ಪಾಲಿಗೆ ಬಂದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಕಾವೇರಿ ಕಪಿಲೆಗಳು ಕೂಡುವ ಆ ಪುಣ್ಯಸ್ಥಳದ ತಾಲ್ಲೂಕಿನಲ್ಲಿ 100 ಅಂಗನವಾಡಿಗಳು ತೆರೆದುವು. ಇಂದು ರಾಜ್ಯದಲ್ಲಿ ಅವುಗಳ ಸಂಖ್ಯೆ 65 ಸಾವಿರವನ್ನು ಮೀರಿದೆ.

ಯೋಜನೆಯ ಸ್ವಾರಸ್ಯವು ಅದರ ಕೂಡುವಿಕೆಯಲ್ಲಿಯೇ ಇದೆ. ಗರ್ಭಿಣಿಗೂ ಬಾಣಂತಿಗೂ ಆರು ವರ್ಷದೊಳಗಣ ಮಗುವಿಗೂ ಪೂರಕಾಹಾರ. ಮಗುವನ್ನು ತೂಗಿ ಆ ತೂಕವನ್ನು ಪಟದಲ್ಲಿ ಗುರುತಿಸಿ, ಗೆರೆಯು ಇಳಿಮುಖವಾದರೆ ತಾಯಿಯನ್ನು ಕರೆದು ಎಚ್ಚರಿಸುವುದು. ಆರೋಗ್ಯ ಇಲಾಖೆಯ ದಾದಿಯು ಬಂದಾಗ ಚುಚ್ಚುಮದ್ದು, ತಪಾಸಣೆ. ಕಾಯಿಲೆಯು ಬಲಿತಿದ್ದರೆ ಆಸ್ಪತ್ರೆಗೆ ಕಳುಹಿಸುವುದು. ಮೂರು ವರ್ಷ ದಾಟಿದವರಿಗೆ ಆಟಪಾಠ. ತಾಯಂದಿರಿಗೆ ಆಹಾರಾರೋಗ್ಯಗಳ ತಿಳಿವಳಿಕೆ. ಇಷ್ಟನ್ನೂ ಒಬ್ಬ ಕಾರ್ಯಕರ್ತೆಯೂ ಒಬ್ಬ ಸಹಾಯಕಿಯೂ ನಿರ್ವಹಿಸತಕ್ಕದ್ದು. ಇವರು ಪರಸ್ಥಳದಿಂದ ವರ್ಗವಾಗಿ ಬಂದ ಅಧಿಕಾರಿಗಳಲ್ಲ, ಊರಿನ ಸೊಸೆಯಂದಿರು, ಊರಿನ ಹೆಣ್ಣುಮಕ್ಕಳು. ಯಾವ ಮನೆಯಲ್ಲಿ ಸೊಸೆಗೆ ತಿಂಗಳು ನಿಂತಿದೆ, ಯಾವ ಮನೆಯ ಕೂಸು ಸೊರಗಿದೆ ಎಂಬುದು ಅವರಿಗೆ ಕೇಳದೆಯೇ ತಿಳಿಯುವುದು. ಸರ್ಕಾರವು ಧಾನ್ಯವನ್ನೂ ಗೌರವಧನವನ್ನೂ ಕೊಟ್ಟರೆ, ಊರು ಸ್ಥಳವನ್ನು ಕೊಡಬೇಕಾಗುತ್ತಿದ್ದಿತು. ಸ್ವಂತ ಕಟ್ಟಡಗಳಾಗುವುದಕ್ಕೆ ಮುಂಚೆ ಗುಡಿಯ ಜಗಲಿ, ಶಾಲೆಯ ಮೂಲೆಯ ಕೋಣೆ, ಯಾರದೋ ಮನೆಯ ಪಡಸಾಲೆ ಇವುಗಳಲ್ಲಿ ಅನೇಕ ಅಂಗನವಾಡಿಗಳು ನಡೆದುವು.

ಊರಿನ ಪಾಲು ಔದಾರ್ಯದ ಮಾತಾಗಿ ಉಳಿಯದೆ ಹಕ್ಕಿನ ಮಾತಾದುದು ಈ ಶತಮಾನದಲ್ಲಿ. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2004ನೆಯ ಇಸವಿಯ ಅಕ್ಟೋಬರಿನಲ್ಲಿ, ಅಂಗನವಾಡಿಯ ಆಹಾರ ಸರಬರಾಜಿಗೆ ಗುತ್ತಿಗೆದಾರರನ್ನು ಹಚ್ಚಕೂಡದೆಂದೂ, ಗ್ರಾಮಸಮುದಾಯ, ಸ್ವಸಹಾಯ ಸಂಘ, ಮಹಿಳಾಮಂಡಲಗಳ ಮೂಲಕವೇ ಧಾನ್ಯವನ್ನು ಕೊಂಡು ಅಡಿಗೆ ಮಾಡಿಸುವುದು ಲೇಸೆಂದೂ ವಿಧಿಸಿತು. 2006ರ ಡಿಸೆಂಬರ್ 13ರ ಆಜ್ಞೆಯು ಇನ್ನೂ ಮುಂದೆ ಹೋಗಿ, ಆರು ವರ್ಷದೊಳಗಣ 40 ಮಕ್ಕಳಿರುವ ಯಾವುದೇ ಹಳ್ಳಿಯವರಾಗಲಿ ಕೊಳೆಗೇರಿಯವರಾಗಲಿ ಕೇಳಿದರೆ ಮೂರು ತಿಂಗಳೊಳಗಾಗಿ ಅಂಗನವಾಡಿಯನ್ನು ಕೊಡತಕ್ಕದ್ದೆಂದಿತು. ಪರಿಶಿಷ್ಟರ ಕೇರಿಗಳಿಗೂ ಗಿರಿಜನರ ಹಾಡಿಗಳಿಗೂ ಆದ್ಯತೆಯು ದೊರೆಯಿತು. ಬೋರ್ಡಿಯಲ್ಲಿ ಇಬ್ಬರು ಸ್ತ್ರೀಯರು ಸ್ವಂತ ಬುದ್ಧಿಯಿಂದ ಕೇರಿಗೆ ಹೋದರು. 61 ವರ್ಷಗಳ ತರುವಾಯ ನ್ಯಾಯಾಲಯವು ಸರ್ಕಾರವನ್ನೇ ಕೇರಿಗೆ ಕಳುಹಿಸಿತು.

ಅದೇ ತಿಂಗಳ 7ನೆಯ ತಾರೀಖು ಅದೇ ನ್ಯಾಯಾಲಯದಿಂದ ಇನ್ನೊಂದು ತೀರ್ಪು ಹೊರಟಿದ್ದಿತು. ಅದು ಕರ್ನಾಟಕದಿಂದ ಹೋದ ಮೊಕದ್ದಮೆ. ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲವೆಂದು ಅದರಲ್ಲಿ ನಿರ್ಣಯವಾಯಿತು. ಆರು ದಿನಗಳ ಅಂತರದಲ್ಲಿ, ಕೇರಿಕೇರಿಗೂ ಅಂಗನವಾಡಿ ಬೇಕೆಂಬ ಮಾತೂ, ಅದನ್ನು ನಡೆಸುವವಳು ನೌಕರಳಲ್ಲವೆಂಬ ಮಾತೂ ಒಂದೇ ಪೀಠದಿಂದಲ್ಲವಾದರೂ ಒಂದೇ ಮಂದಿರದಿಂದ ಬಂದುವು. ಸೇವೆಯೆಂಬ ಪೂಜ್ಯವಾದ ಶಬ್ದವನ್ನು ಕಡಿಮೆ ಕೂಲಿಗೆ ಹೊದಿಕೆಯಾಗಿ ಮಾಡುವುದು ಧರ್ಮವಲ್ಲ. 2017ರ ಮಾರ್ಚಿಯಲ್ಲಿ ಸಹಸ್ರಾರು ಕಾರ್ಯಕರ್ತೆಯರು ಗೌರವಧನದ ಹೆಚ್ಚಳವನ್ನು ಬೇಡಿ ಬೆಂಗಳೂರಿನ ಬೀದಿಯಲ್ಲಿ ಹಗಲಿರುಳು ಕುಳಿತರು. 2022ರ ಏಪ್ರಿಲಿನಲ್ಲಿ ಗುಜರಾತಿನ ಮೊಕದ್ದಮೆಯೊಂದರಲ್ಲಿ, ಇವರಿಗೆ ನಿವೃತ್ತಿಯ ಉಪದಾನವು ಸಲ್ಲತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು.

ಕರ್ನಾಟಕದ ಅಂಗನವಾಡಿಗಳಿಗೆ ಬಾಲವಿಕಾಸ ಸಮಿತಿಗಳೆಂಬುವು ಇರುತ್ತವೆ. ಮಕ್ಕಳ ತಾಯಂದಿರೇ ಮೊದಲಾದ ಊರಿನವರು ಇದರ ಸದಸ್ಯರು. ಸಮಿತಿಯ ಅಧ್ಯಕ್ಷೆಯೂ ಕಾರ್ಯಕರ್ತೆಯೂ ಬ್ಯಾಂಕಿನಲ್ಲಿ ಕೂಡುಖಾತೆಯನ್ನಿಟ್ಟು ತರಕಾರಿ ಮೊಟ್ಟೆಗಳನ್ನು ಊರಿನಲ್ಲಿಯೇ ಕೊಳ್ಳುವರು. ಮೊಟ್ಟೆಯನ್ನು ತಿನ್ನದವರಿಗೆ ಮೊಳಕೆಕಾಳನ್ನು ಕೊಡುವ ಕ್ರಮವಿದೆ. ಸಮಿತಿಯು ಎಚ್ಚರವಾಗಿರುವ ಊರಿನಲ್ಲಿ ಪಾತ್ರೆಯೂ ತುಂಬಿರುವುದು, ಲೆಕ್ಕವೂ ಶುದ್ಧವಾಗಿರುವುದು. ಹೆಸರಿಗೆ ಮಾತ್ರ ಸಮಿತಿಯಿರುವ ಊರಿನಲ್ಲಿ ಕಾರ್ಯಕರ್ತೆಯು ಒಬ್ಬಳೇ ಅಂಗಡಿಯ ಸಾಲಕ್ಕೂ ಮೇಲಧಿಕಾರಿಯ ಮಾತಿಗೂ ಉತ್ತರ ಹೇಳಬೇಕಾಗುವುದು.

2017ರ ಅಕ್ಟೋಬರ್ 2ರಿಂದ ಮಾತೃಪೂರ್ಣವೆಂಬ ಯೋಜನೆಯು ರಾಜ್ಯಾದ್ಯಂತ ಜಾರಿಗೆ ಬಂದು, ಗರ್ಭಿಣಿ ಬಾಣಂತಿಯರು ಅಂಗನವಾಡಿಯಲ್ಲಿಯೇ ಕುಳಿತು ಮಧ್ಯಾಹ್ನದ ಬಿಸಿಯೂಟ ಮಾಡುವ ಏರ್ಪಾಡಾಯಿತು. ಮನೆಗೆ ಕೊಟ್ಟ ಆಹಾರವು ಮನೆಮಂದಿಗೆಲ್ಲ ಹಂಚಿಹೋಗಿ ಗರ್ಭಿಣಿಗೆ ಉಳಿಯುವುದು ಕಡಿಮೆಯೆಂಬುದೇ ಇದಕ್ಕೆ ಕಾರಣ. ಆಲೋಚನೆಯು ಸಾಧುವಾದುದೇ. ಆದರೆ ಬಾಣಂತಿಯು ಹೊಸಿಲು ದಾಟಬಾರದೆಂಬ ರೂಢಿಯಿದ್ದ ಮನೆಗಳಿಂದಲೂ, ಮಲೆನಾಡಿನ ಒಂಟಿಮನೆಗಳಿಂದಲೂ ಅನೇಕರು ಬರಲಾರದೆ ಹೋದರು. ರೂಢಿಯ ಕಾವಲಿನಲ್ಲಿರುವ ಅತ್ತೆಯಂದಿರನ್ನು ಮೊದಲು ಕೇಳಿದ್ದರೆ ಈ ತೊಡಕು ಕಡಿಮೆಯಾಗುತ್ತಿದ್ದಿತೋ ಏನೋ.

ಇದಕ್ಕಿಂತ ಕಠಿನವಾದ ತೊಡಕೊಂದುಂಟು. ಪರಿಶಿಷ್ಟ ಜಾತಿಯ ಸ್ತ್ರೀಯು ಅಡಿಗೆ ಮಾಡಿದಳೆಂಬ ಕಾರಣದಿಂದ ಮಕ್ಕಳನ್ನು ಕಳುಹಿಸದೆ ಬಿಟ್ಟ ಊರುಗಳ ವಾರ್ತೆಯು ದೇಶದ ನಾನಾ ಭಾಗಗಳಿಂದ ಬರುತ್ತಲೇ ಇರುವುದು. ಶರಣರ ದಾಸೋಹವು ಪಂಕ್ತಿಭೇದವನ್ನು ಒಪ್ಪದು. ಮೂರು ವರ್ಷದ ಕೂಸಿಗೂ ಆ ಭೇದವು ತಿಳಿಯದು. ತಿಳಿಸಿಕೊಡುವವರು ಹಿರಿಯರು. ಇಷ್ಟಲಿಂಗವನ್ನು ಧರಿಸಿದವರ ಮನೆಗಳಿಂದ ಅಂಥ ಮಾತು ಹೊರಟರೆ ಅದನ್ನು ಕೇಳಿ ಸುಮ್ಮನಿರುವುದು ಮಠಕ್ಕೆ ಸಲ್ಲದು. ಆ ಪಂಕ್ತಿಯಲ್ಲಿ ತನ್ನ ಮೊಮ್ಮಗನನ್ನು ಕುಳ್ಳಿರಿಸುವ ಒಬ್ಬ ಗೌಡನು ಹತ್ತು ಉಪನ್ಯಾಸಗಳಿಗೆ ಸಮನು.

ಈಚೆಗೆ ಊರುಗಳಲ್ಲಿ ಇಂಗ್ಲಿಷ್ ಶಿಶುವಿಹಾರಗಳ ವಾಹನಗಳು ಓಡಾಡತೊಡಗಿ, ಶಕ್ತಿಯುಳ್ಳವರು ಮಕ್ಕಳನ್ನು ಅತ್ತ ಕಳುಹಿಸುತ್ತಿರುವರು. ಸರ್ಕಾರಿ ಶಾಲೆಗಳಲ್ಲಿಯೂ ಪೂರ್ವಪ್ರಾಥಮಿಕ ತರಗತಿಗಳು ತೆರೆದುದರಿಂದ ಅಂಗನವಾಡಿಯ ಮಕ್ಕಳು ಕಡಿಮೆಯಾಗುವರೆಂದು ಕಾರ್ಯಕರ್ತೆಯರು ಆಕ್ಷೇಪಿಸಿದರು. 2024ನೆಯ ಇಸವಿಯಲ್ಲಿ ಬೆಂಗಳೂರಿನ ಕೆಲವು ಅಂಗನವಾಡಿಗಳನ್ನು ಸುಧಾರಿಸಿ ಸರ್ಕಾರಿ ಮಾಂಟೆಸ್ಸರಿಗಳೆಂದು ಕರೆಯಲಾಯಿತು. ತಾರಾಬಾಯಿಯವರು ಆ ಹೆಸರಿನ ಪದ್ಧತಿಯಿಂದ ಹೊರಟು ಬೆಣಚುಕಲ್ಲು ಚಿಪ್ಪುಗಳನ್ನು ಹಿಡಿದು ಕೇರಿಯ ಅಂಗಳಕ್ಕೆ ಬಂದಿದ್ದರು. ಆ ಹೆಸರು ಈಗ ಅಂಗಳವನ್ನು ಹುಡುಕಿಕೊಂಡು ಬಂದಿದೆ.