ದೇವರ ಗಂಧ, ಅರಸರ ಮರ

ನಮ್ಮ ಕೋಲಾರ ಸೀಮೆಯಲ್ಲಿ ಗಂಧವಿಲ್ಲದ ಪೂಜೆ ಕಡಿಮೆ. ಆದರೆ ಶ್ರೀಗಂಧದ ಸಸಿ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದರೆ ಖುಷಿಪಟ್ಟ ರೈತರು ಹಿಂದೆ ಇನ್ನೂ ಕಡಿಮೆ. ಯಾಕೆ?

ಮೊದಲು ಪೂಜೆಯ ಮಾತು. ಕೋಲಾರದ ಸೋಮೇಶ್ವರನಿರಲಿ, ಮಾಲೂರು ತಾಲ್ಲೂಕಿನ ಚಿಕ್ಕತಿರುಪತಿ ವೆಂಕಟರಮಣನಿರಲಿ, ದೇವರ ಉಪಚಾರದಲ್ಲಿ ಗಂಧಕ್ಕೆ ಸ್ಥಾನ ಇದ್ದೇ ಇದೆ. ಕಲ್ಲಿನ ಮೇಲೆ ನೀರು ಚಿಮುಕಿಸಿ ಕೊರಡು ತೇಯ್ದ ಗಂಧ ಮೊದಲು ದೇವರಿಗೆ, ಆಮೇಲೆ ನಮ್ಮ ಹಣೆಗೆ. ಅನುಕೂಲ ಇದ್ದವರು ಚಿತೆಗೂ ಒಂದು ತುಂಡು ಇಡುತ್ತಾರೆ. ಮುಳಬಾಗಿಲಿನ ಹೈದರ್ ವಲಿಯಂಥ ದರ್ಗಾಗಳಲ್ಲಿ ಉರುಸ್ ಬಂತೆಂದರೆ ಗಂಧವನ್ನು ಮೆರವಣಿಗೆಯಲ್ಲಿ ತಂದು ಗೋರಿಗೆ ಲೇಪಿಸುತ್ತಾರೆ. ಅದನ್ನು ನಾವು ಗಂಧೋತ್ಸವ ಎಂದೇ ಕರೆಯುತ್ತೇವೆ.

ಪರಿಮಳ ಇರುವುದು ಮರದ ಒಳಗಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಹೊರಗಿನ ಬಿಳಿ ಭಾಗಕ್ಕೆ ವಾಸನೆ ಇಲ್ಲ. ಚೇಗು ಕಟ್ಟಲು ಹತ್ತಾರು ವರ್ಷ ಬೇಕು. ಈ ಮರ ಪಕ್ಕದ ಗಿಡಗಳ ಬೇರಿನಿಂದಲೂ ಆಹಾರ ಹೀರುತ್ತದೆ, ಒಂಟಿಯಾಗಿ ಸರಿಯಾಗಿ ಬೆಳೆಯದು. ಶ್ರೀನಿವಾಸಪುರ, ಮುಳಬಾಗಿಲಿನ ಗಡಿ ದಾಟಿದರೆ ಆಂಧ್ರದಲ್ಲಿ ಸಿಗುವ ರಕ್ತಚಂದನ ಬೇರೆಯೇ ಮರ, ಅದಕ್ಕೆ ಈ ಪರಿಮಳ ಇಲ್ಲ.

ಈಗ ಅರಸರ ಮಾತು. 1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷ ಎಂದು ಸಾರಿದ. ಈ ಮನೆತನ ನಮಗೆ ದೂರದ್ದಲ್ಲ. ಅವನ ತಂದೆ ಹೈದರ್ ಅಲಿ ಹುಟ್ಟಿದ್ದು ನಮ್ಮ ಬೂದಿಕೋಟೆಯಲ್ಲಿ, ಅಜ್ಜ ಫತೇ ಮಹಮ್ಮದನ ಗೋರಿ ಇರುವುದು ಕೋಲಾರದಲ್ಲಿ. 1799ರಲ್ಲಿ ಟಿಪ್ಪು ಮಡಿದ ಮೇಲೂ ಮೈಸೂರು ಸರ್ಕಾರ ಆ ಹಕ್ಕನ್ನು ಬಿಡಲಿಲ್ಲ. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಕೊರಡು ಕಳಿಸುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ ಮೈಸೂರಿನಲ್ಲೇ ಗಂಧದೆಣ್ಣೆ ತೆಗೆಯುವ ಕಾರ್ಖಾನೆ ಶುರುವಾಯಿತು. ಮೈಸೂರು ಸ್ಯಾಂಡಲ್ ಸೋಪು ಬಂದಿದ್ದು ಅದರ ಹಿಂದೆಯೇ.

ಖಜಾನೆಗೆ ಲಾಭವಾಯಿತು, ರೈತನಿಗೆ ಭಯ ಉಳಿಯಿತು. ಹೊಲ ಅವನದು, ಮರ ಸರ್ಕಾರದ್ದು. ಮರ ಕಳುವಾದರೆ ಮೊದಲ ಪ್ರಶ್ನೆ ಹೊಲದವನಿಗೇ. ಹಾಗಾಗಿ ಹಕ್ಕಿ ಹಣ್ಣು ತಿಂದು ಉದುರಿಸಿದ ಬೀಜ ಬೇಲಿಯಲ್ಲಿ ಮೊಳೆತರೆ, ಯಾರೂ ನೋಡುವ ಮೊದಲೇ ಕಿತ್ತೆಸೆಯುವವರಿದ್ದರು. ಹಣೆಗೆ ಹಚ್ಚುವ ಗಂಧ ಬೇಕು, ಗಿಡ ಮಾತ್ರ ಬೇಡ ಎನ್ನುವಂತಾಯಿತು.

2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಯಿತು. ಜಮೀನು ಯಾರದೋ ಅದರಲ್ಲಿನ ಶ್ರೀಗಂಧವೂ ಅವರದೇ ಎಂದಾಯಿತು. ಆದರೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ರಾತ್ರಿ ಕಳ್ಳರ ಕಾಟ ತಪ್ಪಿಲ್ಲ. ನೆಟ್ಟವರು ಮರಗಳನ್ನು ಪಹಣಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.

ಅಜ್ಜ ಹೆದರಿ ಕಿತ್ತ ಗಿಡವನ್ನು ಮೊಮ್ಮಗ ಹೆದರದೆ ಬೆಳೆಸಬಹುದು ಎಂದು ಈಗ ಕಾನೂನು ಹೇಳುತ್ತದೆ. ಈ ಮಾತು ಇನ್ನೂ ಎಷ್ಟೋ ಊರಿಗೆ ಮುಟ್ಟಬೇಕಿದೆ. ನಿಮ್ಮ ಬೇಲಿಯಲ್ಲಿ ಅಂಥ ಸಸಿ ಕಂಡರೆ ಕೀಳಬೇಡಿ.