ರಾತ್ರಿ ಪಾಳಿ ಯಾರ ಲೆಕ್ಕಕ್ಕೆ?

ನಮ್ಮ ವಿಜಾಪುರದ ಕಡೆ "ಪಾಳಿ" ಅಂದರೆ ಹಳೇ ಮಂದಿಗೆ ಮೊದಲು ನೆನಪಾಗುವುದು ಬಾವಿ, ಕಾರ್ಖಾನೆ ಅಲ್ಲ. ಅಣ್ಣತಮ್ಮಂದಿರು ಬೇರೆಯಾದಾಗ ಹೊಲ ಹಂಚಿಕೊಳ್ಳಬಹುದು, ಬಾವಿ ಹಂಚುವುದು ಹೇಗೆ? ಅದಕ್ಕೇ ನೀರಿಗೆ ಪಾಳಿ ಹಚ್ಚುತ್ತಿದ್ದರು. ಎರಡು ದಿನ ದೊಡ್ಡಪ್ಪಂದು, ಎರಡು ದಿನ ಕಾಕಾಂದು... ಬೇಸಿಗೆಯಲ್ಲಿ ಬಾವಿಯ ತಳ ಕಾಣಿಸಿದಾಗ ದಿನದ ಲೆಕ್ಕ ಹೋಗಿ ತಾಸಿನ ಲೆಕ್ಕ ಬರುತ್ತಿತ್ತು. ಆಗ ಯಾರಿಗಾದರೂ ಒಬ್ಬರಿಗೆ ರಾತ್ರಿ ಪಾಳಿ ತಪ್ಪುತ್ತಿರಲಿಲ್ಲ. ಮರಾಠಿಯಲ್ಲೂ ಇದೇ ಪಾಳಿ. ಮುಂಬೈ, ಸೊಲ್ಲಾಪುರದ ಗಿರಣಿಗಳಲ್ಲಿ ಅದು "ರಾತ್ರಪಾಳಿ" ಆಯಿತು. ಬೆಂಗಳೂರಿನ ಗೆಳೆಯರು "ನೈಟ್ ಶಿಫ್ಟ್" ಅನ್ನುವುದಕ್ಕೆ ನಮ್ಮ ಕಡೆ ಪದ ಹುಡುಕುವ ಕಷ್ಟವೇ ಬರಲಿಲ್ಲ ನೋಡಿ :-)

ಈ ಪದದ ಹಿಂದೆ ಬಿದ್ದದ್ದಕ್ಕೆ ಕಾರಣ ಇದೆ. ತಿಕೋಟಾ, ಬಬಲೇಶ್ವರ ಕಡೆಯ ಕೆಲವು ಹುಡುಗರು ಹಗಲು ದ್ರಾಕ್ಷಿ ತೋಟದಲ್ಲೋ ಮಣೂಕದ ಶೆಡ್ಡಿನಲ್ಲೋ ದುಡಿದು, ರಾತ್ರಿ ಊಟ ಕಟ್ಟಿಕೊಂಡು 20-25 ಕಿಲೋಮೀಟರ್ ಗಾಡಿ ಹೊಡೆದು ವಿಜಾಪುರಕ್ಕೆ ಬರುತ್ತಾರೆ. ದೊಡ್ಡ ಅಂಗಡಿಯ ಶಟರ್ ಕೆಳಗಿಳಿದ ಮೇಲೆ ಇವರ ಕೆಲಸ ಶುರು. ಬೆಳಗಾಗುವುದರೊಳಗೆ ರ‍್ಯಾಕ್ ತುಂಬಿಸಿ ಹೋಗಬೇಕು. "ಈಗಿನ ಹುಡುಗರಿಗೆ ದುಡ್ಡಿನ ಆಸೆ, ರಾತ್ರಿನೂ ಬಿಡಂಗಿಲ್ಲ" ಅಂತ ಕಟ್ಟೆಯ ಮೇಲೆ ಕೂತವರು ಹೇಳುವುದನ್ನು ಕೇಳಿದ್ದೇನೆ. ನನಗೆ ಈ ಮಾತು ಒಪ್ಪಿಗೆ ಇಲ್ಲ. ಹಗಲು ಒಂದು ದುಡಿಮೆ, ರಾತ್ರಿ ಇನ್ನೊಂದು ಅನ್ನುವುದು ನಮ್ಮ ನೆಲಕ್ಕೆ ಹೊಸದಲ್ಲ. ಆದರೆ ಆ ರಾತ್ರಿಯ ತಾಸುಗಳನ್ನು ಯಾರು ಎಣಿಸುತ್ತಾರೆ, ಯಾರು ಎಣಿಸುವುದಿಲ್ಲ ಅನ್ನುವುದರಲ್ಲಿ ಒಂದು ಇತಿಹಾಸ ಇದೆ.

ನಮ್ಮದು ಮಳೆ ಕಡಿಮೆಯ ನಾಡು. 1876-78ರ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ (ವಿಜಾಪುರ ಜಿಲ್ಲಾ ಕೇಂದ್ರ ಆದದ್ದು 1885ರಲ್ಲಿ) ಎಷ್ಟು ಬಡವಾಯಿತೆಂದರೆ 1872ರ ಗಣತಿಗೂ 1881ರ ಗಣತಿಗೂ ನಡುವೆ ಸುಮಾರು ಐದನೇ ಒಂದು ಪಾಲು ಜನ ಕಡಿಮೆಯಾಗಿದ್ದರು. ಸತ್ತವರು ಎಷ್ಟೋ, ಊರು ಬಿಟ್ಟವರು ಎಷ್ಟೋ. ಆ ಬರ ಮುಗಿಯುವ ಹೊತ್ತಿಗೇ ಎರಡು ಹೊಸ ಸಂಗತಿ ಬಂದವು. ಒಂದು, ಸೊಲ್ಲಾಪುರದಲ್ಲಿ 1877ರಲ್ಲಿ ಶುರುವಾದ ಬಟ್ಟೆ ಗಿರಣಿ, ಮುಂದೆ "ಜುನಿ ಮಿಲ್" ಅಂತ ಹೆಸರಾದದ್ದು. ಇನ್ನೊಂದು, 1884ರ ಹೊತ್ತಿಗೆ ಹೊಟಗಿಯಿಂದ ವಿಜಾಪುರದ ಮೇಲೆ ಗದಗಿಗೆ ಹೋದ ರೈಲು. ಈ ರೈಲನ್ನು ಹಾಕಿದ್ದಕ್ಕೆ ಬರಗಾಲದಲ್ಲಿ ಕಾಳು ಸಾಗಿಸುವುದೂ ಒಂದು ಕಾರಣವಾಗಿತ್ತು. ಆದರೆ ಕಾಳು ಬರುವ ದಾರಿಯಲ್ಲೇ ಜನ ಹೋಗುತ್ತಾರಲ್ಲ! ಸುಗ್ಗಿ ಮುಗಿದ ಮೇಲೆ ಗಿರಣಿಗೆ, ಬಿತ್ತನೆಗೆ ಮತ್ತೆ ಊರಿಗೆ. ಹೊಲ ಬಿಟ್ಟವರಲ್ಲ, ಹೊಲದ ಜೊತೆ ಇನ್ನೊಂದನ್ನು ಹಿಡಿದವರು. ಎರಡನೇ ಕೆಲಸ ಅಂದರೆ ಇದೇ ಅಲ್ಲವೇ?

ಗಿರಣಿಗಳು ಮೊದಮೊದಲು ಸೂರ್ಯನ ಗಡಿಯಾರದ ಮೇಲೆ ನಡೆದವು. ಬೆಳಕು ಹರಿದಾಗ ಭೋಂಗಾ, ಕತ್ತಲಾದಾಗ ಮನೆಗೆ. ಇದನ್ನು ಕೆಡಿಸಿದ್ದು ವಿದ್ಯುತ್ ದೀಪ. ಮುಂಬೈ ಗಿರಣಿಗಳಿಗೆ 1905ರ ಆಸುಪಾಸಿನಲ್ಲಿ ದೀಪ ಬಂದದ್ದೇ ತಡ, ದುಡಿಮೆ ದಿನಕ್ಕೆ ಹದಿನಾಲ್ಕು ತಾಸಿಗೂ ಹೋಯಿತು. ಗಲಾಟೆಗಳಾದವು, 1906ರಲ್ಲಿ ಒಂದು ಸಮಿತಿ, 1908ರಲ್ಲಿ ಒಂದು ಆಯೋಗ. 1881ರ ಮೊದಲ ಕಾರ್ಖಾನೆ ಕಾಯ್ದೆ ಮಕ್ಕಳ ತಾಸುಗಳನ್ನು ಮಾತ್ರ ಎಣಿಸಿತ್ತು, 1891ರದ್ದು ಹೆಂಗಸರದ್ದನ್ನೂ ಸೇರಿಸಿತು, ಗಂಡಸಿನ ತಾಸು ಎಣಿಸಲು 1911 ಬರಬೇಕಾಯಿತು. ಅದೂ ಬಟ್ಟೆ ಗಿರಣಿಯಲ್ಲಿ ಮಾತ್ರ, ದಿನಕ್ಕೆ ಹನ್ನೆರಡು ತಾಸು! 1922ರಲ್ಲಿ ಹನ್ನೊಂದು, 1934ರಲ್ಲಿ ಹತ್ತು, 1946ರಲ್ಲಿ ಒಂಬತ್ತು. ಒಂದೊಂದು ತಾಸು ಕಳೆಯಲು ಹತ್ತು ಹನ್ನೆರಡು ವರ್ಷ ಹಿಡಿದಿದೆ. ಪ್ರತಿ ತಾಸಿನ ಹಿಂದೆ ಎಷ್ಟು ಮುಷ್ಕರ ಅಂತ ಬರೆಯಲು ಹೊರಟರೆ ಅದೇ ಬೇರೆ ಲೇಖನ ಆಗುತ್ತದೆ, ಇರಲಿ.

1948ರ ಕಾಯ್ದೆಯಲ್ಲಿ ನನಗೆ ಬಹಳ ಹಿಡಿಸಿದ್ದು 60ನೇ ಕಲಂ. ಒಂದು ಕಾರ್ಖಾನೆಯಲ್ಲಿ ಅವತ್ತು ದುಡಿದವನನ್ನು ಅದೇ ದಿನ ಇನ್ನೊಂದು ಕಾರ್ಖಾನೆಯಲ್ಲಿ ದುಡಿಸಬಾರದು ಅಂತ ಅದು ಹೇಳಿತ್ತು. ಉಳಿದ ಕಲಂಗಳು ಕಾರ್ಖಾನೆಯ ಗೇಟಿನಲ್ಲಿ ನಿಂತು ಒಳಗಿನ ತಾಸು ಎಣಿಸುತ್ತವೆ. ಇದೊಂದು ಮಾತ್ರ ಗೇಟು ದಾಟಿ, ಆ ಮನುಷ್ಯನ ಹಿಂದೆಯೇ ನಡೆದು, "ಎಲ್ಲಿಂದ ಬಂದೆಯಪ್ಪಾ?" ಅಂತ ಕೇಳುತ್ತದೆ. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 1948ರ ಕಾಯ್ದೆಯ ಜಾಗ ಹಿಡಿದವು. ಅವುಗಳಲ್ಲೂ ಈ ನಿರ್ಬಂಧ ಉಳಿದಿದೆ, ಕಾರ್ಖಾನೆ ಮತ್ತು ಗಣಿಗೆ. ಕೂಲಿಯವನ ಕೈ ಕಟ್ಟಿಹಾಕುವ ಕಲಂ ಇದು ಅಂತ ವಾದ ಮಾಡುವವರೂ ಇದ್ದಾರೆ. ಒಂದು ಪಗಾರದಲ್ಲಿ ಮನೆ ನಡೆಯದಿದ್ದರೆ ಅವನೇನು ಮಾಡಬೇಕು ಅನ್ನುವುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಪಗಾರದಲ್ಲಿ ಇರಬೇಕು, ನಿದ್ದೆಯಲ್ಲಿ ಅಲ್ಲ ಅಂತ ನನ್ನ ಅಭಿಪ್ರಾಯ.

ಆದರೆ ಹೊಲಕ್ಕೆ ಗೇಟು ಇಲ್ಲವಲ್ಲ. ಬಾವಿಗೆ ಪಂಪ್‌ಸೆಟ್ ಬಂದಾಗ ಎತ್ತು ಕಟ್ಟುವ ಕಷ್ಟ ತಪ್ಪಿತು ಅಂತ ಖುಷಿಪಟ್ಟರು. ಆಮೇಲೆ ಬೋರ್‌ವೆಲ್ ಬಂದವು. ಕರೆಂಟು ಮಾತ್ರ ಬಾವಿಯ ನೀರಿನ ಹಾಗೇ ಪಾಳಿ ಮೇಲೆ ಬರತೊಡಗಿತು. ದಿನಕ್ಕೆ ಕೆಲವು ತಾಸು ತ್ರೀ ಫೇಸ್, ಅದರಲ್ಲೂ ಒಂದು ವಾರ ಹಗಲು, ಒಂದು ವಾರ ರಾತ್ರಿ. ನಡುರಾತ್ರಿ ಬ್ಯಾಟರಿ ಹಿಡಿದು ಕಾಲಿಗೆ ಹಾವು ಸಿಗದಿರಲಿ ಅಂತ ಬೇಡಿಕೊಳ್ಳುತ್ತಾ ಮೋಟರ್ ಚಾಲೂ ಮಾಡಲು ಹೋಗುವುದು ನಮ್ಮಲ್ಲಿ ಯಾರಿಗೂ ಸುದ್ದಿ ಅಲ್ಲ. ಅದು ಸುದ್ದಿಯಾದದ್ದು 2023ರ ಅಕ್ಟೋಬರ್‌ನಲ್ಲಿ. ಕೊಲ್ಹಾರ ತಾಲೂಕಿನ ರೋಣಿಹಾಳದ ರೈತರು ಹೊಲದಲ್ಲಿ ಸಿಕ್ಕ ಮೊಸಳೆಯನ್ನು ಹಗ್ಗ ಕಟ್ಟಿ ಹೊತ್ತು ತಂದು ಹೆಸ್ಕಾಂನ ವಿದ್ಯುತ್ ಕೇಂದ್ರದ ಮುಂದೆ ಇಳಿಸಿದರು! ರಾತ್ರಿ ಕರೆಂಟು ಕೊಡುತ್ತೀರಿ, ಇದು ಕಚ್ಚಿದರೆ ಯಾರು ಹೊಣೆ ಅಂತ ಅವರ ಪ್ರಶ್ನೆ. ಅರಣ್ಯ ಇಲಾಖೆಯವರು ಬಂದು ಮೊಸಳೆಯನ್ನು ಒಯ್ದರು. ಟಿವಿಯಲ್ಲಿ ನೋಡಿ ನಕ್ಕವರೇ ಹೆಚ್ಚು. ನಾನೂ ಮೊದಲು ನಕ್ಕೆ, ಆಮೇಲೆ ಅನ್ನಿಸಿತು, ರಾತ್ರಿ ಪಾಳಿಯ ಬಗ್ಗೆ ಇಷ್ಟು ನೇರವಾದ ಅರ್ಜಿ ಇನ್ನೊಂದಿಲ್ಲ ಅಂತ.

ಇನ್ನು ಅಂಗಡಿ ವಿಷಯಕ್ಕೆ ಬರೋಣ. ದೇಶದಲ್ಲೇ ಮೊದಲು ಅಂಗಡಿ ನೌಕರರ ತಾಸು ಎಣಿಸಲು ಕಾಯ್ದೆ ಮಾಡಿದ್ದು ಮುಂಬೈ ಪ್ರಾಂತ, 1939ರಲ್ಲಿ. ವಿಜಾಪುರ ಆಗ ಅದೇ ಪ್ರಾಂತದಲ್ಲಿತ್ತು. 1956ರಲ್ಲಿ ನಾವು ಮೈಸೂರು ರಾಜ್ಯ ಸೇರಿದ ಮೇಲೆ, ಇಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಬಂತು. ದಿನಕ್ಕೆ ಒಂಬತ್ತು ತಾಸು, ವಾರಕ್ಕೆ 48, ವಾರಕ್ಕೊಂದು ರಜೆ, ಹೆಚ್ಚು ದುಡಿಸಿದರೆ ಎರಡು ಪಟ್ಟು ಪಗಾರ, ಹೆಂಗಸರಿಗೆ ರಾತ್ರಿ ಕೆಲಸ ಇಲ್ಲ. ಅಂಗಡಿ ಎಷ್ಟು ಹೊತ್ತಿಗೆ ತೆರೆಯಬೇಕು, ಎಷ್ಟು ಹೊತ್ತಿಗೆ ಮುಚ್ಚಬೇಕು ಅನ್ನುವುದೂ ಸರ್ಕಾರದ ಕೈಯಲ್ಲಿತ್ತು. 2021ರ ಜನವರಿಯಲ್ಲಿ ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿಗಳು ದಿನವಿಡೀ ತೆರೆದಿರಬಹುದು ಅಂತ ಆದೇಶ ಬಂತು, ಮೂರು ವರ್ಷದ ಮಟ್ಟಿಗೆ. ಹೆಂಗಸರು ರಾತ್ರಿ ಎಂಟರ ಮೇಲೆ ದುಡಿಯಬೇಕಾದರೆ ಅವರ ಬರಹದ ಒಪ್ಪಿಗೆ ಬೇಕು ಅಂತಲೂ ಇತ್ತು.

ಅಂಗಡಿಗೆ ರಾತ್ರಿ ಯಾಕೆ ಬೇಕಾಯಿತು ಅನ್ನುವುದು ಮಜಾ ಇದೆ. ನಮ್ಮ ಕಿರಾಣಿ ಅಂಗಡಿಯಲ್ಲಿ ಶೆಟ್ಟರು ಗಲ್ಲಾದ ಹಿಂದೆ, ಸಾಮಾನು ಅವರ ಬೆನ್ನ ಹಿಂದೆ. ಬೇಳೆ ಮುಗಿದಿದ್ದರೆ "ನಾಳೆ ಬರ್ರಿ" ಅಂದರೆ ಆಯಿತು. ಖಾಲಿ ಡಬ್ಬಿ ನಮಗೆ ಕಾಣಿಸುವುದೇ ಇಲ್ಲ. 1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಅನ್ನುವವನು ಪಿಗ್ಲಿ ವಿಗ್ಲಿ ಅಂತ ವಿಚಿತ್ರ ಹೆಸರಿನ ಅಂಗಡಿ ತೆಗೆದು, ಗಿರಾಕಿಗಳನ್ನೇ ಒಳಗೆ ಬಿಟ್ಟು ಬೇಕಾದ್ದನ್ನು ತಾವೇ ಎತ್ತಿಕೊಳ್ಳಲಿ ಅಂದ. ಅವತ್ತಿನಿಂದ ರ‍್ಯಾಕೇ ಶೆಟ್ಟರಾಯಿತು. ರ‍್ಯಾಕು ಖಾಲಿ ಕಂಡರೆ ವ್ಯಾಪಾರ ಹೋಯಿತು. ಗಿರಾಕಿ ಓಡಾಡುವಾಗ ಡಬ್ಬಿ ಪೆಟ್ಟಿಗೆ ಎಳೆದಾಡಲು ಜಾಗ ಇಲ್ಲ, ಹಾಗಾಗಿ ಅವರು ಹೋದ ಮೇಲೆ ತುಂಬಬೇಕು. ನೂರು ವರ್ಷ ತಡವಾಗಿ ಅದೇ ಲೆಕ್ಕ ವಿಜಾಪುರಕ್ಕೂ ಬಂದಿದೆ, ಅಷ್ಟೇ.

ನನ್ನ ಅಕ್ಕನ ಮಗ ಈ ಕೆಲಸ ಮಾಡಿದವನು, ಅವನಿಂದ ಕೇಳಿದ್ದು ಹೇಳುತ್ತೇನೆ. ಲಾರಿ ರಾತ್ರಿ ಬರುತ್ತದೆ. ಪೆಟ್ಟಿಗೆ ಇಳಿಸಿ, ಪಟ್ಟಿಗೆ ತಾಳೆ ನೋಡಿ, ಕಟರ್‌ನಿಂದ ಟೇಪು ಕೊಯ್ದು ಒಳಗಿನ ಪುಡಕೆ ಕೊಯ್ಯದಂತೆ ತೆಗೆಯಬೇಕು. ಎಣ್ಣೆ, ಹಿಟ್ಟು, ಅಕ್ಕಿಯಂಥ ಭಾರದ್ದು ಕೆಳಗೆ, ಹಗುರದ್ದು ಮೇಲೆ, ಅಂಗಡಿ ಮಾರಲು ಬಯಸುವ ತುಟ್ಟಿ ಸಾಮಾನು ಕಣ್ಣಿನ ನೇರಕ್ಕೆ. ಹಳೆಯ ತಾರೀಖಿನದ್ದನ್ನು ಮುಂದೆ ಎಳೆದು ಹೊಸದನ್ನು ಹಿಂದೆ ಇಡಬೇಕು. ಇದನ್ನು ತಪ್ಪಿದರೆ ತಿಂಗಳ ಕೊನೆಗೆ ಅವಧಿ ಮೀರಿದ ಬಿಸ್ಕಿಟ್ ಹಿಂದಿನಿಂದ ಹೊರಬಂದು ಬೈಗುಳ. ಕೊನೆಗೆ ಎಲ್ಲ ಪುಡಕೆಗಳ ಮುಖ ಮುಂದೆ ಬರುವಂತೆ ಒಂದು ಸುತ್ತು. "ಮಾಮಾ, ಇದು ಮಣೂಕದ ಶೆಡ್ಡಿನ ಕೆಲಸಾನೇ, ಬರೇ ಫ್ಯಾನ್ ಜಾಸ್ತಿ ಐತಿ" ಅಂದಿದ್ದ. ಮಾತು ನಿಜ. ತಿಕೋಟಾ ಕಡೆ ಹೋದವರು ನೋಡಿರುತ್ತೀರಿ, ಶೆಡ್ಡಿನಲ್ಲಿ ಒಂದರ ಮೇಲೊಂದು ಬಲೆಯ ರ‍್ಯಾಕುಗಳು. ದ್ರಾಕ್ಷಿಯನ್ನು ಔಷಧ ನೀರಿನಲ್ಲಿ ಅದ್ದಿ ತೆಗೆದು ಅವುಗಳ ಮೇಲೆ ಹರವುತ್ತಾರೆ, ಎರಡು ವಾರದ ಆಚೆಈಚೆ ಒಣಗಬೇಕು. ನಾಲ್ಕು ಕಿಲೋ ದ್ರಾಕ್ಷಿಗೆ ಸುಮಾರು ಒಂದು ಕಿಲೋ ಮಣೂಕ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಇದೇ ಗಡಿಬಿಡಿ, ಹಣ್ಣು ಕಾಯುವುದಿಲ್ಲ. ಆ ಮೂರು ತಿಂಗಳು ಅವನು ಹಗಲು ಬೇರೆಯವರ ಶೆಡ್ಡಿನಲ್ಲಿ ದಿನಗೂಲಿಗೆ ರ‍್ಯಾಕು ತುಂಬುತ್ತಿದ್ದ, ರಾತ್ರಿ ಅಂಗಡಿಯಲ್ಲಿ ರ‍್ಯಾಕು ತುಂಬುತ್ತಿದ್ದ. ನಡುವೆ ನಾಲ್ಕು ತಾಸು ನಿದ್ದೆ.

ಈಗ ಲೆಕ್ಕ ಹಾಕಿ ನೋಡಿ. ಅಂಗಡಿಯ ಹಾಜರಿಯಲ್ಲಿ ಅವನದು ಎಂಟು ತಾಸು, ಕಾಯ್ದೆಗೆ ಸರಿಯಾಗಿದೆ. ಶೆಡ್ಡಿನ ಮಾಲೀಕರ ಡೈರಿಯಲ್ಲಿ ಒಂದು ಆಳು, ಒಂದು ದಿನ. ಅಲ್ಲೂ ತಪ್ಪಿಲ್ಲ. ಎರಡನ್ನೂ ಕೂಡಿಸುವ ಪುಸ್ತಕ ಯಾರ ಹತ್ತಿರವೂ ಇಲ್ಲ. ಎರಡೂ ಕಾರ್ಖಾನೆಯಾಗಿದ್ದರೆ ಆ 60ನೇ ಕಲಂ ಅಡ್ಡ ಬರುತ್ತಿತ್ತು. ಒಂದು ಅಂಗಡಿ, ಒಂದು ತೋಟದ ಶೆಡ್ಡು ಆದ್ದರಿಂದ ಅದಕ್ಕೆ ಇವನು ಕಾಣಿಸುವುದೇ ಇಲ್ಲ. ರಾತ್ರಿ ದುಡಿಮೆ ಮೈಗೆ ಏನು ಮಾಡುತ್ತದೆ ಅನ್ನುವುದು ಈಗ ಗುಟ್ಟಲ್ಲ. ದೇಹದ ಗಡಿಯಾರ ಕೆಡಿಸುವ ಪಾಳಿ ಕೆಲಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲೇ "ಬಹುಶಃ ಕ್ಯಾನ್ಸರ್‌ಕಾರಕ" ಪಟ್ಟಿಗೆ ಹಾಕಿತು, 2019ರಲ್ಲಿ ಮತ್ತೆ ನೋಡಿ ಅಲ್ಲಿಯೇ ಉಳಿಸಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1990ರಲ್ಲಿ ಗಂಡು ಹೆಣ್ಣು ಎನ್ನದೆ ರಾತ್ರಿ ದುಡಿಯುವವರಿಗಾಗಿ ಒಂದು ಒಪ್ಪಂದ ತಂದಿತು. ಭಾರತ ಅದಕ್ಕೆ ಸಹಿ ಹಾಕಿಲ್ಲ.

2024ರ ಫೆಬ್ರುವರಿಯಲ್ಲಿ ಬೆಳಗಿನ ಆರರ ಸುಮಾರಿಗೆ ತಿಕೋಟಾ ದಾರಿಯಲ್ಲಿ ಅವನಿಗೆ ಗಾಡಿ ಮೇಲೆಯೇ ಕಣ್ಣು ಹತ್ತಿತು. ರಸ್ತೆ ಬದಿಯ ತಗ್ಗಿಗೆ ಬಿದ್ದ. ಹೆಲ್ಮೆಟ್ ಇತ್ತು, ಬಲಗೈ ಮುರಿಯಿತು. ಕೆಲಸಕ್ಕೆ ಹೋಗುವಾಗ, ಬರುವಾಗ ಆದ ಅಪಘಾತವನ್ನೂ ಕೆಲಸದ ಮೇಲೆ ಆದದ್ದೆಂದೇ ಎಣಿಸಬೇಕು ಅಂತ ಇಎಸ್‌ಐ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂದಿತ್ತು. ಆದರೆ ಅದರ ಮಾತು ಮನೆಯಿಂದ ಕೆಲಸದ ಜಾಗಕ್ಕೆ, ಕೆಲಸದ ಜಾಗದಿಂದ ಮನೆಗೆ ಅಂತ ಇತ್ತು. ಅವನನ್ನು ಕೆಲಸಕ್ಕೆ ಹಚ್ಚಿದ್ದ ಗುತ್ತಿಗೆದಾರರ ಗುಮಾಸ್ತ ಕೇಳಿದ್ದು ಒಂದೇ ಪ್ರಶ್ನೆ: "ಮನಿಗೆ ಹೊಂಟಿದ್ದಿಯೋ, ಶೆಡ್ಡಿಗೆ ಹೊಂಟಿದ್ದಿಯೋ?"

ಇವನು ಇದ್ದದ್ದನ್ನು ಇದ್ದಂತೆ ಹೇಳಿದ. ಗುಮಾಸ್ತ ಕಾಗದ ಮುಂದೆ ಕಳಿಸಲಿಲ್ಲ. ಆಸ್ಪತ್ರೆಯ ಖರ್ಚು ಅಕ್ಕನ ಎರಡು ಎಮ್ಮೆಗಳಲ್ಲಿ ಒಂದರ ಮೇಲೆ ಬಂತು. ಕೈ ಕೂಡಿದೆ, ಆದರೆ ಭಾರ ಎತ್ತುವುದು ಕಷ್ಟ. ಆ ಅಂಗಡಿಯಲ್ಲಿ ಅವನ ಜಾಗಕ್ಕೆ ಬಬಲೇಶ್ವರದ ಕಡೆಯ ಇನ್ನೊಬ್ಬ ಹುಡುಗ ಬಂದಿದ್ದಾನಂತೆ. ಅವನಿಗೂ ಎರಡು ಎಕರೆ ದ್ರಾಕ್ಷಿ ಇದೆ.

ಸೊಲ್ಲಾಪುರದ ಗಿರಣಿಗಳಿಗೆ ಹೋಗಿದ್ದ ಹಿರಿಯರು ನಿಮ್ಮ ಮನೆಗಳಲ್ಲೂ ಇದ್ದಿರಬೇಕು. ಪಾಳಿಯ ಬಗ್ಗೆ, ಊರಿನ ಹೊಲದ ಬಗ್ಗೆ ಅವರು ಏನಾದರೂ ಹೇಳಿದ್ದು ನೆನಪಿದ್ದರೆ ದಯವಿಟ್ಟು ಬರೆದು ತಿಳಿಸಿ. ಭೋಂಗಾ ಎಷ್ಟು ಹೊತ್ತಿಗೆ ಆಗುತ್ತಿತ್ತು ಅನ್ನುವಷ್ಟಾದರೂ ಸಾಕು.