ಕೊಳವೆಯಿಲ್ಲದ ಕೊಳೆ

ಅಮೆರಿಕದ ಶುದ್ಧ ಜಲ ಕಾಯ್ದೆಗೆ ಹುಟ್ಟಿನಿಂದಲೇ ಎರಡು ದನಿ. ಅಧ್ಯಕ್ಷ ನಿಕ್ಸನ್ ತಡೆಹಿಡಿದಿದ್ದನ್ನೂ ಲೆಕ್ಕಿಸದೆ 1972ರ ಅಕ್ಟೋಬರ್ 18ರಂದು ಅಲ್ಲಿನ ಸಂಸತ್ತು ಅದನ್ನು ಜಾರಿಗೆ ತಂದಾಗ, ಕೊಳವೆಯ ಬಾಯಿಂದ ಹೊಳೆಗೆ ಬೀಳುವ ನೀರಿನೊಂದಿಗೆ ಅದು ಗದರುವ ದನಿಯಲ್ಲಿ ಮಾತಾಡಿತು: ಪರವಾನಗಿ ಬೇಕು, ಮಿತಿ ಮೀರಿದರೆ ದಂಡ ತೆರಬೇಕು. ಹೊಲ, ಹುಲ್ಲುಗಾವಲು, ಕಡಿದ ಕಾಡು, ರಸ್ತೆಗಳ ಮೇಲಿಂದ ಮಳೆಯ ಜೊತೆ ಕೊಚ್ಚಿಬರುವ ಕೊಳೆಯ ವಿಷಯದಲ್ಲಿ ಮಾತ್ರ ದನಿ ತಗ್ಗಿತು. ಕಲಂ 208ರಡಿ ರಾಜ್ಯಗಳು, ಪ್ರದೇಶಗಳು ಯೋಜನೆ ಬರೆಯಲಿ ಎಂದಿತು. ಬರೆಯಲು ಹಣ ಕೊಟ್ಟಿತು, ಬರೆದದ್ದನ್ನು ಮಾಡಲು ಕೊಡಲಿಲ್ಲ. ಅದೇ ಹೊತ್ತಿಗೆ ನಗರಗಳು ಚರಂಡಿ ನೀರು ಶುದ್ಧೀಕರಣ ಘಟಕ ಕಟ್ಟಿಕೊಳ್ಳಲು ವೆಚ್ಚದ ಶೇ. 75ನ್ನು ಕೇಂದ್ರವೇ ಭರಿಸಿತು. ಆ ಲೆಕ್ಕದಲ್ಲಿ ಮುಂದಿನ ವರ್ಷಗಳಲ್ಲಿ ಹೋದದ್ದು 6,000 ಕೋಟಿ ಡಾಲರಿಗೂ ಹೆಚ್ಚು. ಎರಡು ವರ್ಷದ ನಂತರ ಬಂದ ನಮ್ಮ 1974ರ ಜಲ ಕಾಯ್ದೆಯ ಕಣ್ಣೂ ಇಂಥದ್ದೇ: ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ನೋಡುವುದು ಹೊರಬೀಳುವ ಬಾಯನ್ನೇ.

ಕೊಳವೆಗೆ ಹಾಕಿದ ಬೀಗ ಕೆಲಸ ಮಾಡಿತು ಎಂಬುದರಲ್ಲಿ ಅನುಮಾನವಿಲ್ಲ. ಕೊಳವೆಗಳು ಶುದ್ಧವಾದಷ್ಟೂ ಉಳಿದ ಕೊಳೆ ಎಲ್ಲಿಂದ ಬರುತ್ತಿದೆ ಎಂಬುದು ಎದ್ದು ಕಾಣತೊಡಗಿತು. 1979ರಿಂದ 1983ರವರೆಗೆ 28 ಕಡೆ ನಡೆದ ನಗರ ಮಳೆನೀರಿನ ಅಧ್ಯಯನ, ಬೀದಿಯ ಮೇಲೆ ಹರಿದ ನೀರಿನಲ್ಲಿ ಸೀಸ, ತಾಮ್ರ, ಸತುವಿನಂಥ ಲೋಹಗಳನ್ನು ಎಲ್ಲೆಡೆ ಕಂಡಿತು. ಹಳ್ಳಿಯ ಕಡೆಗೆ 1980ರಲ್ಲಿ ಗ್ರಾಮೀಣ ಶುದ್ಧ ಜಲ ಕಾರ್ಯಕ್ರಮ ಎಂಬ ಪ್ರಯೋಗ ಶುರುವಾಯಿತು: 21 ಜಲಾನಯನಗಳು, ಸುಮಾರು 6.4 ಕೋಟಿ ಡಾಲರ್, ರೈತ ಒಡ್ಡು ಹಾಕಿದರೆ, ಸಗಣಿ ಗೊಬ್ಬರದ ತೊಟ್ಟಿ ಕಟ್ಟಿದರೆ ವೆಚ್ಚದ ಶೇ. 75ರವರೆಗೆ ಸಹಾಯ. ಈ ಕ್ಷೇತ್ರದ ಮುಂದಿನ ನಾಲ್ಕು ದಶಕಗಳ ಪಾಠವೆಲ್ಲ ಈ ಪುಟ್ಟ ಪ್ರಯೋಗದಲ್ಲೇ ಇತ್ತು ಎಂದರೆ ತಪ್ಪಾಗದು. ವರ್ಮಾಂಟ್ ರಾಜ್ಯದ ಸೇಂಟ್ ಆಲ್ಬನ್ಸ್ ಕೊಲ್ಲಿಯ ಸುತ್ತ ಹೈನುಗಾರರು ದೊಡ್ಡ ಸಂಖ್ಯೆಯಲ್ಲಿ ಸೇರಿಕೊಂಡರು, ಊರಿನ ಚರಂಡಿ ಘಟಕವೂ ಸುಧಾರಿಸಿತು. ಆದರೂ ಕೊಲ್ಲಿಯ ನೀರು ತಿಳಿಯಾಗಲಿಲ್ಲ, ಏಕೆಂದರೆ ದಶಕಗಳಿಂದ ತಳದ ಹೂಳಿನಲ್ಲಿ ಕೂತಿದ್ದ, ಪಾಚಿ ಬೆಳೆಸುವ ರಂಜಕ ಮೆಲ್ಲಗೆ ಮೇಲೇಳುತ್ತಲೇ ಇತ್ತು. ಎಷ್ಟು ಜನ ಸೇರಿದರು ಎಂಬುದಕ್ಕಿಂತ ಯಾವ ಹೊಲದವರು ಸೇರಿದರು ಎಂಬುದು ಮುಖ್ಯ, ಅಳತೆಯಿಲ್ಲದೆ ಯಾವುದೂ ತಿಳಿಯದು ಎಂಬುದು ಆ ಪ್ರಯೋಗ ಹೇಳಿದ ಮಾತು.

ಆ ಪ್ರಯೋಗ ಮುಗಿಯುವ ಮೊದಲೇ ಅನುದಾನದ ಕಾನೂನು ಬಂತು. 1987ರ ಫೆಬ್ರವರಿ 4ರಂದು, ಈ ಸಲ ರೇಗನ್ ಅವರ ತಡೆಯನ್ನು ಮೀರಿ, ಕಾಯ್ದೆಗೆ ಕಲಂ 319 ಸೇರಿತು. ರಾಜ್ಯಗಳು ತಮ್ಮ ನೀರಿನ ಸ್ಥಿತಿಯ ವರದಿ, ನಿರ್ವಹಣಾ ಕಾರ್ಯಕ್ರಮ ಸಿದ್ಧಪಡಿಸಿದರೆ ವೆಚ್ಚದ ಶೇ. 60ರವರೆಗೆ ಕೇಂದ್ರ ಪರಿಸರ ಸಂಸ್ಥೆ ಕೊಡುತ್ತದೆ, ಉಳಿದ ಶೇ. 40ನ್ನು ರಾಜ್ಯ, ಸ್ಥಳೀಯ ಸಂಸ್ಥೆ, ರೈತ ಎಲ್ಲ ಸೇರಿ ಹೊಂದಿಸಬೇಕು. ನಾಲ್ಕು ವರ್ಷಕ್ಕೆ 40 ಕೋಟಿ ಡಾಲರ್ ಎಂದು ಕಾಗದದಲ್ಲಿತ್ತಾದರೂ ಮೊದಲ ಕಂತು ಹೊರಟದ್ದು 1990ರಲ್ಲಿ. ಕ್ಲಿಂಟನ್ ಆಡಳಿತದ 1998ರ ಕ್ರಿಯಾ ಯೋಜನೆಯ ನಂತರ ವಾರ್ಷಿಕ ಮೊತ್ತ 20 ಕೋಟಿಗೆ ಜಿಗಿಯಿತು, 2003ರ ಸುಮಾರಿಗೆ 24 ಕೋಟಿಯ ಹತ್ತಿರ ಹೋಗಿ, 2012ರ ಹೊತ್ತಿಗೆ 16.5 ಕೋಟಿಯ ಆಸುಪಾಸಿಗೆ ಇಳಿಯಿತು. 2018ರ ಆಯವ್ಯಯದಲ್ಲಿ ಅದನ್ನು ಪೂರ್ತಿ ಕೈಬಿಡಬೇಕೆಂದು ಅಧ್ಯಕ್ಷರ ಕಚೇರಿ ಸೂಚಿಸಿದರೂ ಸಂಸತ್ತು ಒಪ್ಪಲಿಲ್ಲ. ಒಪ್ಪದಿರುವುದಕ್ಕೆ ಕಾರಣ ಸುಲಭ: ಈ ಹಣ ಯಾರ ಮನಸ್ಸನ್ನೂ ನೋಯಿಸುವುದಿಲ್ಲ. ಕೊಡುವವರಿಗೆ ಕೊಟ್ಟ ಹೆಸರು, ಪಡೆಯುವವರಿಗೆ ಪಡೆದ ಸಹಾಯ. ಬೇಡ ಎಂದ ರೈತನ ಬೇಲಿಯನ್ನು ಕೇಂದ್ರದ ಕಾನೂನು ದಾಟುವುದೇ ಇಲ್ಲ.

ವಿಚಿತ್ರವೆಂದರೆ ಅದೇ 1987ರ ತಿದ್ದುಪಡಿ ನಗರದ ಮಳೆನೀರನ್ನು ಮಾತ್ರ ಗದರುವ ದನಿಯ ಕಡೆಗೆ ಎಳೆದುಕೊಂಡಿತು. ಬೀದಿಯ ನೀರು ಚರಂಡಿ ಸೇರುತ್ತದೆ, ಚರಂಡಿಗೆ ಬಾಯಿ ಇದೆ, ಹಾಗಾಗಿ ಅದು ಕೊಳವೆ ಎಂಬುದು ತರ್ಕ. 1990ರಲ್ಲಿ ದೊಡ್ಡ ನಗರಗಳಿಗೂ 1999ರಲ್ಲಿ ಸಣ್ಣವಕ್ಕೂ ಪರವಾನಗಿ ಕಡ್ಡಾಯವಾಯಿತು. ಹೊಲದ ಮೇಲೆ ಬಿದ್ದ ಮಳೆಗೆ ಮಾತ್ರ ಸ್ಪಷ್ಟ ವಿನಾಯಿತಿ. ನೀರಾವರಿ ಹೊಲದಿಂದ ಹಿಂದಿರುಗುವ ನೀರಿಗಂತೂ 1977ರಲ್ಲೇ ವಿನಾಯಿತಿ ಸಿಕ್ಕಿತ್ತು. ಒಂದೇ ಮೋಡದ ನೀರು ಡಾಂಬರಿನ ಮೇಲೆ ಬಿದ್ದರೆ ಅಪರಾಧದ ಸಾಧ್ಯತೆ, ಜೋಳದ ಸಾಲಿನ ಮೇಲೆ ಬಿದ್ದರೆ ಅನುದಾನಕ್ಕೆ ಅರ್ಹತೆ.

ಹಾಗೆಂದು ಅನುದಾನ ವ್ಯರ್ಥವಾಯಿತು ಎಂದು ನಾನು ವಾದಿಸುತ್ತಿಲ್ಲ. ನೂರಾರು ಸಣ್ಣ ಹೊಳೆ, ಕೆರೆಗಳು ಮಲಿನ ಜಲಮೂಲಗಳ ಪಟ್ಟಿಯಿಂದ ಹೊರಬಂದ ದಾಖಲೆಗಳಿವೆ. ದನಗಳು ಹೊಳೆಗಿಳಿಯದಂತೆ ಬೇಲಿ, ದಂಡೆಯುದ್ದಕ್ಕೂ ಹುಲ್ಲು-ಮರಗಳ ಅಂಚು, ಚಳಿಗಾಲದಲ್ಲಿ ಮಣ್ಣು ಹಿಡಿದಿಡುವ ಹೊದಿಕೆ ಬೆಳೆ, ಇವಕ್ಕೆಲ್ಲ ಹಣ ಹರಿದಿದೆ. ಚೆಲ್ಲಾಪಿಲ್ಲಿ ಕಾಮಗಾರಿ ನಿಲ್ಲಲೆಂದು ಒಂಬತ್ತು ಅಂಶಗಳ ಜಲಾನಯನ ಯೋಜನೆ ಇರಲೇಬೇಕೆಂಬ ನಿಯಮ 2000ದ ದಶಕದಲ್ಲಿ ಬಂತು, 2013ರ ಮಾರ್ಗಸೂಚಿ ಕನಿಷ್ಠ ಅರ್ಧ ಹಣ ಅಂಥ ಜಲಾನಯನ ಕೆಲಸಕ್ಕೇ ಹೋಗಬೇಕೆಂದಿತು. ಇಷ್ಟಾದರೂ 2012ರಲ್ಲಿ ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಕಚೇರಿ ಪರಿಶೀಲಿಸಿದಾಗ, ರಾಜ್ಯಗಳ ಅಧಿಕಾರಿಗಳೇ ಹೇಳಿದಂತೆ, ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಕಾಮಗಾರಿಗಳು ಹೇಳಿಕೊಂಡ ಗುರಿಯನ್ನೆಲ್ಲ ಮುಟ್ಟಿರಲಿಲ್ಲ. ಮುಖ್ಯ ಕಾರಣ ಜಮೀನಿನ ಒಡೆಯರ ಸಹಕಾರ ಸಿಗದಿದ್ದದ್ದು. ಅಂದರೆ ಹಣ ಹೋದದ್ದು ಮನಸ್ಸಿದ್ದವರ ಹೊಲಕ್ಕೆ. ಕೊಳೆ ಹರಿಯುವ ಹೊಲವೂ ಅದೇ ಆಗಿದ್ದರೆ ಅದು ಅದೃಷ್ಟ.

ಹಣವೇ ಕಡಿಮೆಯಾಯಿತು, ಐವತ್ತು ರಾಜ್ಯಗಳಿಗೆ ಹಂಚಿದರೆ ತಲಾ ಮೂವತ್ತು ಲಕ್ಷ ಡಾಲರಿನ ಸುತ್ತ ಬರುವ ಮೊತ್ತದಿಂದ ಇನ್ನೇನು ನಿರೀಕ್ಷಿಸುವುದು ಎಂದು ಕೇಳುವವರಿದ್ದಾರೆ. ಕಲಂ 319ನ್ನು ಮಾತ್ರ ನೋಡಿದರೆ ಈ ಮಾತು ನಿಜ. ಆದರೆ ಅದರ ಪಕ್ಕದಲ್ಲೇ ಕೃಷಿ ಇಲಾಖೆಯ ದೊಡ್ಡ ಚೀಲವಿದೆ. 1985ರಿಂದ ಬೀಳು ಬಿಟ್ಟ ಜಮೀನಿಗೆ ಬಾಡಿಗೆ ಕೊಡುವ ಯೋಜನೆ, 1996ರಿಂದ ಪರಿಸರಸ್ನೇಹಿ ಪದ್ಧತಿಗಳಿಗೆ ವೆಚ್ಚ ಹಂಚಿಕೊಳ್ಳುವ ಯೋಜನೆ, ಎಲ್ಲ ಸೇರಿ ವರ್ಷಕ್ಕೆ ನೂರಾರು ಕೋಟಿ ಡಾಲರ್. ಆ ಹಣ ಕಂಡ ಈರಿ ಸರೋವರದ ಕತೆ ನೋಡಬೇಕು. 1978ರ ಅಮೆರಿಕ-ಕೆನಡಾ ಒಪ್ಪಂದ ಸರೋವರ ಸೇರುವ ರಂಜಕವನ್ನು ವರ್ಷಕ್ಕೆ 11,000 ಟನ್ನಿಗೆ ಇಳಿಸಬೇಕೆಂದಿತು. ಚರಂಡಿ ಘಟಕಗಳ ಮೇಲಿನ ಬಿಗಿಯಿಂದಲೇ ಬಹುಮಟ್ಟಿಗೆ 1980ರ ದಶಕದಲ್ಲಿ ಆ ಗುರಿ ಕೈಗೆಟುಕಿತು, ಪಾಚಿ ತಗ್ಗಿತು. 1990ರ ದಶಕದ ನಡುವಿನಿಂದ ಪಾಚಿ ಮತ್ತೆ ಹಬ್ಬಿತು. ಸರೋವರ ಸೇರುವ ಮಾಮಿ ನದಿಯ ಬಯಲಿನಲ್ಲಿ ಸವಕಳಿ ತಡೆಯಲೆಂದು ಪ್ರೋತ್ಸಾಹಿಸಿದ ಉಳುಮೆಯಿಲ್ಲದ ಬೇಸಾಯ ಮಣ್ಣನ್ನೇನೋ ಉಳಿಸಿತು. ಆದರೆ ಗೊಬ್ಬರ ಮಣ್ಣಿನೊಳಗೆ ಬೆರೆಯದೆ ಮೇಲೇ ಉಳಿದು, ಕರಗಿದ ರೂಪದ ರಂಜಕ ನೆಲದಡಿಯ ಬಸಿ ಕೊಳವೆಗಳ ಮೂಲಕ ನದಿ ಸೇರುವುದು ಹೆಚ್ಚಿತು ಎಂಬುದು ವಿಜ್ಞಾನಿಗಳು ಗುರುತಿಸುವ ಕಾರಣಗಳಲ್ಲೊಂದು. 2014ರ ಆಗಸ್ಟ್‌ನಲ್ಲಿ ಈ ಸರೋವರದ ನೀರನ್ನೇ ನೆಚ್ಚಿದ ಟೊಲೀಡೊ ನಗರ ಮತ್ತು ಸುತ್ತಲಿನ ಊರುಗಳ ನಾಲ್ಕೈದು ಲಕ್ಷ ಜನ ಪಾಚಿಯ ವಿಷದಿಂದಾಗಿ ಸುಮಾರು ಮೂರು ದಿನ ನಲ್ಲಿ ನೀರು ಕುಡಿಯುವಂತಿರಲಿಲ್ಲ. ಪದ್ಧತಿಯನ್ನು ಕೊಂಡುಕೊಂಡರೆ ನೀರನ್ನು ಕೊಂಡಂತಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದುಬಾರಿ ಸಾಕ್ಷಿ ಬೇಕಿಲ್ಲ.

ಹಾಗಾದರೆ ಹೊಲದ ನೀರನ್ನು ಅಳೆಯಬಹುದೇ? ಮಳೆ ಒಂದು ವರ್ಷ ಸುರಿಯುತ್ತದೆ, ಇನ್ನೊಂದು ವರ್ಷ ಕೈಕೊಡುತ್ತದೆ, ಆಕಾಶದ ತಪ್ಪಿಗೆ ರೈತ ಹೊಣೆಯೇ ಎಂಬುದು ಅತಿ ಗಟ್ಟಿಯಾದ ಆಕ್ಷೇಪ. ಇದಕ್ಕೆ ಉತ್ತರ ಫ್ಲೋರಿಡಾದ ಎವರ್‌ಗ್ಲೇಡ್ಸ್ ಜೌಗುಪ್ರದೇಶದ ಮೇಲ್ದಂಡೆಯಲ್ಲಿದೆ. ಅಲ್ಲಿನ ಕಬ್ಬಿನ ಗದ್ದೆಗಳ ರಂಜಕ ಜೌಗನ್ನು ಕೆಡಿಸುತ್ತಿದೆಯೆಂದು 1988ರಲ್ಲಿ ಕೇಂದ್ರ ಸರ್ಕಾರ ಮೊಕದ್ದಮೆ ಹೂಡಿತು. ಅದರ ಫಲವಾಗಿ ಬಂದ 1994ರ ರಾಜ್ಯ ಕಾಯ್ದೆಯಡಿ ಇಡೀ ಪ್ರದೇಶ ಹೊರಬಿಡುವ ರಂಜಕ ಶೇ. 25ರಷ್ಟು ಇಳಿಯಲೇಬೇಕು. ಅಳತೆ ನೀರೆತ್ತುವ ಪಂಪುಗಳ ಬಳಿ, ಹಳೆಯ ವರ್ಷಗಳ ಹೋಲಿಕೆಯಲ್ಲಿ, ಆಯಾ ವರ್ಷದ ಮಳೆಗೆ ಸರಿದೂಗಿಸಿ. ಜಮೀನಿಗೆ ಎಕರೆವಾರು ತೆರಿಗೆ, ಗುರಿ ಮೀರಿ ಇಳಿಸಿದರೆ ಅದರಲ್ಲಿ ವಿನಾಯಿತಿ. ದೀರ್ಘಾವಧಿ ಸರಾಸರಿಯಲ್ಲಿ ಇಳಿಕೆ ಶೇ. 50ನ್ನು ದಾಟಿದೆ. ಮಾಡಿದ್ದೇನೂ ಪವಾಡವಲ್ಲ: ಗೊಬ್ಬರವನ್ನು ಗದ್ದೆ ತುಂಬ ಎರಚುವ ಬದಲು ಸಾಲಿನಲ್ಲಿ ಹಾಕಿದರು, ಮಳೆ ಬಂದ ಕೂಡಲೇ ನೀರೆತ್ತದೆ ಸ್ವಲ್ಪ ನಿಲ್ಲಿಸಿಕೊಂಡರು, ಕಾಲುವೆಯ ಹೂಳೆತ್ತಿದರು. ಇವೇ ಪದ್ಧತಿಗಳ ಹೆಸರು ಅನುದಾನದ ಪಟ್ಟಿಗಳಲ್ಲೂ ಇವೆ. ವ್ಯತ್ಯಾಸ ಇಷ್ಟೇ, ಇಲ್ಲಿ ಕೊನೆಯಲ್ಲಿ ಒಂದು ಮಾಪಕವಿತ್ತು, ಅದರ ಓದಿಗೆ ಹೊಣೆಯಾಗುವವರಿದ್ದರು. ಸಮತಟ್ಟು ನೆಲ, ಪಂಪಿನಿಂದ ಮಾತ್ರ ಹೊರಹೋಗುವ ನೀರು, ಕೆಲವೇ ದೊಡ್ಡ ಸಕ್ಕರೆ ಒಡೆಯರು, ಇವೆಲ್ಲ ಕೂಡಿಬಂದ ಜಾಗ ಅದು, ಸಾವಿರಾರು ಸಣ್ಣ ಹಿಡುವಳಿಗಳಿರುವ ಕಡೆ ಅಷ್ಟು ಸಲೀಸಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಅಳೆಯಲಾಗದು ಎಂಬ ಮಾತು ಅಲ್ಲಿಗೆ ಮುಗಿಯಿತು.

ಇನ್ನೊಂದು ಆಕ್ಷೇಪ ನ್ಯಾಯದ್ದು. ಬೆಲೆ ತನ್ನ ಕೈಯಲ್ಲಿಲ್ಲದ ರೈತನ ಮೇಲೆ ಹೊಣೆ ಹೊರಿಸಿದರೆ ಸಣ್ಣವರು ಮುಳುಗುತ್ತಾರೆ ಎಂಬ ಆತಂಕ ಹುಸಿಯಲ್ಲ. ನ್ಯೂಯಾರ್ಕ್ ನಗರ ಇದಕ್ಕೆ ಬೇರೊಂದು ದಾರಿ ಹುಡುಕಿತು. ನಗರದ ನೀರಿನ ಸುಮಾರು ಶೇ. 90 ಕ್ಯಾಟ್ಸ್‌ಕಿಲ್, ಡೆಲವೇರ್ ಬೆಟ್ಟಗಳಿಂದ ಬರುತ್ತದೆ. 1989ರ ಕೇಂದ್ರ ನಿಯಮ ಅದನ್ನು ಸೋಸಬೇಕು, ಇಲ್ಲವೇ ಜಲಾನಯನವನ್ನೇ ಕಾಪಾಡಿ ತೋರಿಸಬೇಕು ಎಂದಿತು. ಸೋಸುವ ಘಟಕಕ್ಕೆ ನೂರಾರು ಕೋಟಿ ಡಾಲರ್ ಬೇಕಿತ್ತು. ನಗರ ಬೆಟ್ಟದ ಹೈನುಗಾರರಿಗೆ ಪೂರ್ತಿ ವೆಚ್ಚ ಕೊಟ್ಟು ಕೊಟ್ಟಿಗೆ, ಗೊಬ್ಬರದ ಗುಂಡಿ, ಬೇಲಿ ಸರಿಪಡಿಸಿತು. 1997ರ ಒಪ್ಪಂದ ಅದನ್ನು ಗಟ್ಟಿ ಮಾಡಿತು. ಸೇರುವುದು ರೈತನ ಇಷ್ಟ, ಆದರೆ ಶೇ. 85 ಜನ ಸೇರಬೇಕೆಂಬ ಗುರಿಯಿತ್ತು, ಅದನ್ನು ದಾಟಲಾಯಿತು. ಇದನ್ನು ಸ್ವಯಂಪ್ರೇರಣೆಯ ಗೆಲುವೆಂದು ಕೊಂಡಾಡುವವರು ಒಂದು ಸಂಗತಿ ಮರೆಯುತ್ತಾರೆ. ರೈತನ ತಲೆಯ ಮೇಲಿನ ಕತ್ತಿಯನ್ನು ಇಲ್ಲಿ ನಗರದ ತಲೆಯ ಮೇಲೆ ತೂಗಿಹಾಕಲಾಗಿತ್ತು, ಅಷ್ಟೇ. ಸೋತರೆ ಘಟಕ ಕಟ್ಟಬೇಕಾದ್ದರಿಂದ ಯಾವ ಹೊಲಕ್ಕೆ ಮೊದಲು ಹೋಗಬೇಕೆಂಬುದನ್ನು ನಗರ ಜಾಗರೂಕತೆಯಿಂದ ನೋಡಿತು. ಹೊಣೆ ರೈತನದೇ ಆಗಬೇಕೆಂದಿಲ್ಲ, ಯಾರದಾದರೂ ಆಗಿರಬೇಕು.

ಹೊಣೆಯನ್ನು ತಪ್ಪು ಜಾಗಕ್ಕೆ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. 1990ರ ಕರಾವಳಿ ಕಾನೂನು, ಹರಿದುಬರುವ ಕೊಳೆಗೆ ಕಡ್ಡಾಯ ಕ್ರಮಗಳಿಲ್ಲದ ರಾಜ್ಯದ ಅನುದಾನದಲ್ಲಿ ಶೇ. 30ರವರೆಗೆ ಕಡಿತ ಎಂದಿತು. 2015ರಲ್ಲಿ ಆರೆಗಾನ್ ರಾಜ್ಯ, ಮರ ಕಡಿಯುವ ಕಡೆ ಹೊಳೆಗಳಿಗೆ ತಕ್ಕ ರಕ್ಷಣೆಯಿಲ್ಲವೆಂದು ಈ ಪರೀಕ್ಷೆಯಲ್ಲಿ ಫೇಲಾಯಿತು. ಕಡಿತವಾದದ್ದು ಹೊಳೆ ಶುದ್ಧಗೊಳಿಸುವ ಹಣ, ಮರ ಕಡಿದವರ ಜೇಬಲ್ಲ. ಮಿನೆಸೋಟ ಇದಕ್ಕಿಂತ ಜಾಣತನ ತೋರಿತು: 2008ರಲ್ಲಿ ಮತದಾರರೇ ಒಪ್ಪಿದ ಮಾರಾಟ ತೆರಿಗೆಯ ಒಂದು ಪಾಲನ್ನು ನೀರಿಗೆ ಮೀಸಲಿಟ್ಟು, 2015ರಲ್ಲಿ ಸಾರ್ವಜನಿಕ ಜಲಮೂಲಗಳ ದಂಡೆಗೆ ಸರಾಸರಿ 50 ಅಡಿ ಹಸಿರು ಅಂಚನ್ನು ಕಡ್ಡಾಯ ಮಾಡಿತು. ಹಣವೂ ಇದೆ, ಕಟ್ಟಳೆಯೂ ಇದೆ. ಸೇಂಟ್ ಆಲ್ಬನ್ಸ್ ಕಲಿಸಿದಂತೆ, ಹಳೆಯ ರಂಜಕ, ಅಂತರ್ಜಲದ ನೈಟ್ರೇಟ್ ತಮ್ಮ ಗತಿಯಲ್ಲೇ ಹೊರಬರುವುದರಿಂದ ಫಲಕ್ಕೆ ಹತ್ತಾರು ವರ್ಷ ಕಾಯಬೇಕಾಗಬಹುದು. ಈ ವಿಳಂಬ ತಾಳ್ಮೆಗೆ ಕಾರಣವಾಗಬೇಕು, ಅಳತೆ ನಿಲ್ಲಿಸಲು ಅಲ್ಲ. ಆದರೆ ಕೈಲಿರುವ ಹಣವನ್ನು ಒಡ್ಡಿಗೂ ಮಾಪಕಕ್ಕೂ ಹಂಚಬೇಕಾಗಿ ಬಂದಾಗ ಗೆಲ್ಲುವುದು ಸಾಮಾನ್ಯವಾಗಿ ಒಡ್ಡೇ, ಅದಕ್ಕೆ ಉದ್ಘಾಟನೆಯ ಫೋಟೊ ಇರುತ್ತದೆ.

ಅಯೋವ ರಾಜ್ಯದಲ್ಲಿ ಈ ಇಡೀ ಇತಿಹಾಸ ನೆಲದಡಿ ಹೂತಿದೆ. ಮೆಕ್ಕೆಜೋಳ, ಸೋಯಾ ಬೆಳೆಯುವ ಹೊಲಗಳ ಕೆಳಗೆ ಬಸಿ ಕೊಳವೆಗಳ ಜಾಲ, ಅವು ಸೇರಿ ಕಾಲುವೆಗೆ, ಕಾಲುವೆಯಿಂದ ರಕೂನ್ ನದಿಗೆ. ನದಿಯ ಕೆಳಹರಿವಿನಲ್ಲಿ ಡೆ ಮೊಯಿನ್ ನಗರ. ಅಲ್ಲಿನ ಜಲಮಂಡಳಿ 1990ರ ದಶಕದ ಆರಂಭದಲ್ಲೇ ನೈಟ್ರೇಟ್ ತೆಗೆಯುವ ಘಟಕ ಕಟ್ಟಿತು. 2015ರಲ್ಲಿ ಅದು ಮೇಲಿನ ಮೂರು ಕೌಂಟಿಗಳ ಬಸಿಗಾಲುವೆ ಆಡಳಿತಗಳ ಮೇಲೆ ಮೊಕದ್ದಮೆ ಹೂಡಿ ಕೇಳಿದ್ದು ನೇರವಾದ ಪ್ರಶ್ನೆ: ಕಣ್ಣಿಗೆ ಕಾಣುವ ಈ ಕೊಳವೆ ಕಾನೂನಿಗೆ ಏಕೆ ಕೊಳವೆಯಲ್ಲ? ಉತ್ತರ ಸಿಗಲಿಲ್ಲ. ಆ ಆಡಳಿತಗಳಿಗೆ ನೈಟ್ರೇಟ್ ತಡೆಯುವ ಅಧಿಕಾರವೇ ಇಲ್ಲ, ಇದು ಶಾಸನಸಭೆ ಬಗೆಹರಿಸಬೇಕಾದದ್ದು ಎಂದು 2017ರಲ್ಲಿ ನ್ಯಾಯಾಲಯ ಅದನ್ನು ವಜಾ ಮಾಡಿತು. ರಾಜ್ಯದ 2013ರ ಪೋಷಕಾಂಶ ನೀತಿ ಹೊಲಗಳ ಮಟ್ಟಿಗೆ ಇಂದಿಗೂ ಇಷ್ಟವಿದ್ದವರು ಮಾಡುವ ಕೆಲಸ. 2025ರ ಜೂನ್‌ನಲ್ಲಿ ನದಿಯ ನೈಟ್ರೇಟ್ ಎಷ್ಟು ಏರಿತೆಂದರೆ, ಘಟಕ ಪೂರ್ತಿ ದುಡಿದರೂ ಸಾಲದೆ, ಡೆ ಮೊಯಿನ್ ಸುತ್ತಲಿನ ಊರುಗಳಲ್ಲಿ ಮನೆಯಂಗಳದ ಹುಲ್ಲಿಗೆ ನೀರುಣಿಸುವುದನ್ನು ನಿಷೇಧಿಸಬೇಕಾಯಿತು. ಆ ಘಟಕ ನಡೆಸುವ ಖರ್ಚು ಯಾವ ಅನುದಾನದ ಲೆಕ್ಕದಲ್ಲೂ ಇಲ್ಲ. ಅದು ಊರಿನವರ ನೀರಿನ ಬಿಲ್ಲಿನಲ್ಲಿದೆ.